ಗುಳ್ಳಿ ಏಳೋ ಜಾಗ

ಬಂಕಾಪುರ ಚೌಕದಾಗ ಮೌಲಾಲಿ ಮಾಮಾನ ಪಂಚರ್ ಅಂಗಡಿ.
ಅಂಗಡಿ ಅಂದ್ರ ಏನ, ಒಂದು ತಗಡು, ಒಂದು ಬೇವಿನ ನೆರಳು,
ಅರ್ಧಕ್ಕ ಕೊಯ್ದ ಡ್ರಮ್ಮಿನ್ಯಾಗ ಕರೀ ನೀರು.
ಮುಂಜಾನೆ ಕಾಲೇಜು, ಪಿಯುಸಿ ಕಾಮರ್ಸು,
ಸಂಜಿ ಐದರಿಂದ ನಾ ಇಲ್ಲಿ, ಉಗುರಿನ ಸಂದ್ಯಾಗ ರಬ್ಬರು.

ಟ್ಯೂಬು ನೀರಾಗ ಅದ್ದಿ ಹಿಂಡಬೇಕು.
ಎಲ್ಲಿ ಗುಳ್ಳಿ ಏಳತಾವೋ ಅಲ್ಲಿ ತೂತು.
ಮೊದಲ ದಿನ ಮಾಮಾ ಕಲಿಸಿದ್ದು ಇಷ್ಟ:
"ನೀರು ಸುಳ್ಳು ಹೇಳಂಗಿಲ್ಲ ತಮ್ಮಾ. ಗಿರಾಕಿ ಹೇಳತಾನ."

ಅವರು ಮೂವರು ಬರೋದು ಕತ್ತಲಾದ ಮ್ಯಾಲೆ.
ಗೂಳಪ್ಪ, ಸಾಲ್ಯಾಗ ನನ್ನ ಬೆಂಚಿನವ,
ಕಬಡ್ಡಿಯೊಳಗ ಅಂವನ ಕಾಲು ಹಿಡದವರು ಯಾರೂ ಇಲ್ಲ;
ಸ್ಯಾಮ್ಸನ್, ರೈಲ್ವೆ ಕ್ವಾರ್ಟರ್ಸಿನವ;
ಮತ್ತ ಹೆಸರು ಗೊತ್ತಿಲ್ಲದ ಇನ್ನೊಬ್ಬ, ಅಂವಗ ಬೈಕ್ ಐತಿ.
"ಸೊಲ್ಯೂಷನ್ ಐತೇನಲೇ ಒಂದು?"
ಟ್ಯೂಬಿಗಲ್ಲ. ದಸ್ತಿಗೆ.

ಮೊದಲ ಸಲ ಕೊಟ್ಟೆ.
ಹೇಳಬಾರದು ಅಂದ್ಕೊಂಡಿದ್ದೆ, ಹೇಳೇಬಿಡತೀನಿ: ಕೊಟ್ಟೆ.
ದೋಸ್ತಿ ಅನ್ನೋದು ಹದಿನೈದು ರೂಪಾಯಿ ಮಾಲಿಗಿಂತ ದೊಡ್ಡದು ಅಂತ.
ಅವತ್ತ ರಾತ್ರಿ ಗಟಾರದ ಕಟ್ಟಿ ಮ್ಯಾಲೆ ಕುಂತ
ಗೂಳಪ್ಪ ನಕ್ಕ, ನಕ್ಕ, ನಗೂದು ನಿಲ್ಲವಲ್ದು,
ಆಮ್ಯಾಲೆ ನನ್ನ ಮಾರಿ ನೋಡಿ ಕೇಳಿದ:
"ನೀ ಯಾರ ಪೈಕಿ ತಮ್ಮಾ?"
ಎಂಟು ವರ್ಷ ನನ್ನ ಡಬ್ಬ್ಯಾಗಿನ ರೊಟ್ಟಿ ಮುರದು ತಿಂದವ.

ಎರಡನೇ ಸಲ ಬಂದಾಗ ಸುಳ್ಳು ಹೇಳಿದೆ: "ಖಾಲಿ ಆಗೇತಿ."
ಮೂರನೇ ಸಲ: "ಮಾಮಾ ಎಣಿಸಿ ಇಟ್ಟಾನ."
ನಾಲ್ಕನೇ ಸಲ ಮಾಮಾ ಎದುರಿಗೇ ಇದ್ದ, ಅವರು ಹೊಳ್ಳಿ ಹೋದರು.
ನೋಡ್ರಿ, ಧೈರ್ಯ ಅನ್ನೋದು ನನ್ನ ಕಡೆ ಇರಲೇ ಇಲ್ಲ.
ನೆಪ ಇದ್ದವು, ಹರಕು ಟ್ಯೂಬಿಗೆ ಪ್ಯಾಚು ಹಚ್ಚಿದಂಗ
ಒಂದರ ಮ್ಯಾಲೊಂದು.

ರಂಗಪಂಚಮಿ ಹಿಂದಿನ ರಾತ್ರಿ. ಹಲಗಿ ಸಪ್ಪಳಕ್ಕ ತಗಡು ನಡಗತಿತ್ತು.
ಬೈಕಿನವ ಬಾಟ್ಲಿ ತಂದಿದ್ದ, ಪೇಪರಿನ್ಯಾಗ ಸುತ್ತಿ.
"ಸೊಲ್ಯೂಷನ್ ಕೊಡಬ್ಯಾಡ ಹೋಗು, ಇದನ್ನರ ಕುಡಿ.
ಗಂಡಸು ಹೌದಲ್ಲೋ?"
ಸ್ಯಾಮ್ಸನ್ ಮೊಬೈಲ್ ಹಿಡದು ನಿಂತಿದ್ದ, ವಿಡಿಯೋ ಚಾಲೂ.
ಗೂಳಪ್ಪ ನನ್ನ ನೋಡಲಿಲ್ಲ. ತನ್ನ ಚಪ್ಪಲಿ ನೋಡತಿದ್ದ.

ನೆಪ ಹುಡುಕಿದೆ. ಒಂದೂ ಸಿಗವಲ್ದು.
ಜ್ವರಾ ಅನ್ನಲೇನು? ಅವ್ವ ಕಾಯತಾಳ ಅನ್ನಲೇನು?
ನಾಳೆ ಪರೀಕ್ಷಾ ಅನ್ನಲೇನು? ನಾಳೆ ಊರಿಗೂರೇ ಬಣ್ಣ.
ಬಾಯಾಗ ಉಳದಿದ್ದು ಒಂದ ಶಬ್ದ.
"ಬ್ಯಾಡ."
ದನಿ ಒಡದು, ಹುಂಜದ ಮರಿ ಕೂಗಿದಂಗ ಬಂತು.

ನಕ್ಕರು. "ಅಜ್ಜಾರು!" ಅಂದರು. "ಪಾದ ಕೊಡ್ರಿ ಅಜ್ಜಾರ!"
ಬೈಕಿನವ ಡ್ರಮ್ಮು ಒದ್ದು ಉರುಳಿಸಿ ಹೋದ.
ಕರೀ ನೀರು ರಸ್ತೆಗುಂಟ ಹರದು
ಬೇವಿನ ಬುಡಕ್ಕ ನಿಂತು ಇಂಗಿತು.
ಕೈ ನಡಗತಿದ್ದವು. ಅದನ್ನ ಯಾರೂ ವಿಡಿಯೋ ಮಾಡಲಿಲ್ಲ.

ಬಣ್ಣದ ದಿನ ನನ್ನ ಕರೀಲಿಕ್ಕೆ ಯಾರೂ ಬರಲಿಲ್ಲ.
ಹಳೇ ಬಿಳೀ ಅಂಗಿ ಹಾಕ್ಕೊಂಡು ಬಾಗಲಾಗ ಕುಂತಿದ್ದೆ,
ಸಂಜೀತನಕ ಅದು ಬಿಳೀನ ಉಳೀತು.
ಒಗ್ಯಾಕ ತಗೊಂಡ ಅವ್ವ ತಿರುಗಿಸಿ ಮುರುಗಿಸಿ ನೋಡಿದಳು,
ಏನೂ ಕೇಳಲಿಲ್ಲ.
ಹಂಗ ಗೂಟಕ್ಕ ತೂಗಹಾಕಿದಳು.

ಇಪ್ಪತ್ತು ದಿನ ಆಗಿರಬೇಕು. ಐತವಾರ, ಮಟಮಟ ಮಧ್ಯಾಹ್ನ.
ಗೂಳಪ್ಪ ಸೈಕಲ್ ತಳ್ಳಿಕೊಂತ ಬಂದ, ಒಬ್ಬನ.
"ಪಂಚರ್ ಆಗೇತಿ, ನೋಡು."
ಟ್ಯೂಬು ಬಿಚ್ಚಿದೆ, ಗಾಳಿ ತುಂಬಿದೆ, ಅದ್ದಿದೆ.
ಹೊಸಾ ನೀರು, ಡ್ರಮ್ಮಿನ ತಳ ಕಾಣತಿತ್ತು.
ಒಂದು ಸುತ್ತು. ಎರಡು ಸುತ್ತು.
ಒಂದು ಗುಳ್ಳಿ ಏಳಲಿಲ್ಲ.
ವಾಲ್ವಿನ ಮ್ಯಾಲೆ ಬಟ್ಟಿನ ಗುರುತು, ಕೈಲೇ ಸಡಲ ಮಾಡಿದ್ದು.
ಅಂವನ ಮಾರಿ ನೋಡಿದೆ. ಅಂವ ನೀರು ನೋಡತಿದ್ದ.

ತುಟಿ ಒಡದಿದ್ದವು, ಮೂಗಿನ ಸುತ್ತ ಕೆಂಪು.
ನಾ ಹೇಳೋಕಿಂತ ಮೊದಲ ಹಳೇ ಟೈರಿನ ಮ್ಯಾಲೆ ಕುಂತ.
"ಎಷ್ಟಾತು?"
"ಗಾಳಿಗೆ ರೊಕ್ಕಿಲ್ಲ."
ಚರಿಗ್ಯಾಗಿನ ನೀರು ಕೊಟ್ಟೆ. ಗಟಗಟ ಕುಡದ, ಅಂಗಿ ತೊಯ್ಯುವಂಗ.

ಗಾಲಿ ತುಂಬಿತ್ತು.
ಪಂಪು ಕೆಳಗಿಡಲಿಲ್ಲ,
ತುಂಬಿದ ಗಾಲಿಗೇ ಮತ್ತ ಎರಡು ಸಲ ಹೊಡದೆ,
ಅಂವ ಲಗೂ ಏಳಬಾರದು ಅಂತ.